ನಿಮ್ಮ ತಾರಸಿಯ ಮೇಲಿನ ಹದ್ದು



ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಿಮ್ಮನ್ನು ಯಾರಾದರೂ "ನಿಮ್ಮ ಊರಿನಲ್ಲಿ ಕಾಡಿನ ಜೀವಿಗಳು ಇವೆಯೆ?" ಎಂದು ಕೇಳಿದರೆ ಏನು ಹೇಳುವಿರಿ? ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಚಿರತೆಯ ಹೆಸರು ಹೇಳುವಿರಿ. ಸ್ವಲ್ಪ ಹೆಚ್ಚು ತಿಳಿದವರು ಠಾಣೆ ಖಾಡಿಗೆ ಬರುವ ಫ್ಲೆಮಿಂಗೊಗಳನ್ನು ಸೇರಿಸಿಯಾರು. ಆದರೆ ನಿಮ್ಮ ಸೊಸೈಟಿಯ ನೀರಿನ ಟ್ಯಾಂಕಿನ ಮೇಲೆ ಈ ಗಳಿಗೆಯಲ್ಲೇ ಕುಳಿತಿರಬಹುದಾದ ಬೇಟೆಗಾರನನ್ನು ಮಾತ್ರ ಯಾರೂ ಹೆಸರಿಸುವುದಿಲ್ಲ. ರೆಕ್ಕೆ ಬಿಚ್ಚಿದರೆ ಹತ್ತಿರ ಹತ್ತಿರ ಐದಡಿ ಅಗಲ, ಬಾಗಿದ ಕೊಕ್ಕು, ಕೊಕ್ಕೆಯಂಥ ಉಗುರು. ನಿಮ್ಮ ಮರಾಠಿ ಗೆಳೆಯರು ಅದನ್ನು ಘಾರ್ ಎನ್ನುತ್ತಾರೆ, ಹಿಂದಿಯವರು ಚೀಲ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಅದು ಹದ್ದು.

ಹದ್ದನ್ನು ನಾವು ನೋಡಿಯೂ ನೋಡದಂತೆ ಇರುವುದಕ್ಕೆ ಕಾರಣ ಒಂದೇ: ಅದು ಎಲ್ಲೆಲ್ಲೂ ಇದೆ. ಅತಿಪರಿಚಯದಿಂದ ಅವಜ್ಞೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ರಣಥಂಬೋರಿಗೆ ಹುಲಿ ನೋಡಲು ಸಾವಿರಾರು ರೂಪಾಯಿ ಖರ್ಚು ಮಾಡಿ ಹೋಗುವವರು ತಮ್ಮ ಅಡುಗೆಮನೆಯ ಕಿಟಕಿಯೆದುರು ಗೂಡು ಕಟ್ಟಿದ ಹದ್ದಿನ ಜೋಡಿಯನ್ನು ಒಂದು ನಿಮಿಷ ನಿಂತು ನೋಡಿರುವುದಿಲ್ಲ. ಈ ತಿಂಗಳ ಅಂಕಣದಲ್ಲಿ ನಾನು ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟೆ: ಮನೆಯ ಹತ್ತಿರದ ಬೇಟೆಹಕ್ಕಿಗಳನ್ನು ನೋಡಿ, ಅವುಗಳ ಚಿತ್ರ ತೆಗೆಯಿರಿ, ಎಲ್ಲಕ್ಕಿಂತ ಮುಖ್ಯವಾಗಿ ದಿನಾಂಕ ಹಾಕಿ ಬರೆದಿಡಿ.

"ಸಾಮಾನ್ಯ ಹಕ್ಕಿಯನ್ನು ಬರೆದಿಟ್ಟು ಏನು ಪ್ರಯೋಜನ?" ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಮುಂಬಯಿಯಲ್ಲೇ ಇದೆ.

ಮಲಬಾರ್ ಹಿಲ್‌ನಿಂದ ಮಾಯವಾದವರು

ಮಲಬಾರ್ ಹಿಲ್‌ನಲ್ಲಿ ಪಾರ್ಸಿಗಳ ಡುಂಗರ್‌ವಾಡಿ ಇದೆ. ನೆಲ, ನೀರು, ಬೆಂಕಿ ಮೂರನ್ನೂ ಮೈಲಿಗೆ ಮಾಡಬಾರದೆಂಬ ನಂಬಿಕೆಯಿಂದ ಅವರು ಮೃತದೇಹಗಳನ್ನು ದಖ್ಮಗಳಲ್ಲಿ ರಣಹದ್ದುಗಳಿಗೆ ಒಪ್ಪಿಸುತ್ತಿದ್ದರು. ಈ ಪದ್ಧತಿ ತಲೆಮಾರುಗಳಿಂದ ನಡೆದುಬಂದಿತ್ತು. ಇಂದು ಅಲ್ಲಿ ಆ ಕೆಲಸ ಮಾಡಲು ರಣಹದ್ದುಗಳೇ ಇಲ್ಲ. ಬಿಸಿಲನ್ನು ಒಂದೆಡೆ ಕೂಡಿಸುವ ಸೌರ ಉಪಕರಣಗಳನ್ನು ಅಳವಡಿಸಬೇಕಾಯಿತು. ದಹನವನ್ನು ಆರಿಸಿಕೊಂಡ ಪಾರ್ಸಿಗಳಿಗಾಗಿ 2015ರಲ್ಲಿ ವರಳಿಯಲ್ಲಿ ಪ್ರಾರ್ಥನಾ ಮಂದಿರ ತೆರೆಯಿತು. ಒಂದು ಹಕ್ಕಿ ಇಲ್ಲವಾದುದರಿಂದ ಒಂದು ಸಮುದಾಯದ ಅಂತ್ಯಸಂಸ್ಕಾರವೇ ಬದಲಾಯಿತೆಂದರೆ ಸಣ್ಣ ಮಾತೆ?

ಈ ರಣಹದ್ದುಗಳು ಒಂದು ಕಾಲದಲ್ಲಿ ಇಂದಿನ ಹದ್ದುಗಳಷ್ಟೇ ಸಾಮಾನ್ಯವಾಗಿದ್ದವು. ಊರ ಹೊರಗೆ ಸತ್ತ ದನವನ್ನು ಎಸೆದರೆ ಹಿಂಡು ಹಿಂಡಾಗಿ ಇಳಿದು ಸ್ವಲ್ಪ ಹೊತ್ತಿನಲ್ಲೇ ಎಲುಬು ಮಾತ್ರ ಉಳಿಸುತ್ತಿದ್ದವು. ಅಷ್ಟೊಂದು ಇದ್ದುದರಿಂದಲೇ ಅವನ್ನು ಎಣಿಸುವ ಗೊಡವೆಗೆ ಯಾರೂ ಹೋಗಲಿಲ್ಲ. ಎಣಿಸಿದವರು ಕೆಲವೇ ಮಂದಿ. ಮುಂಬಯಿಯಲ್ಲಿ 1883ರಲ್ಲಿ ಆರಂಭವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ಡಾ. ವಿಭು ಪ್ರಕಾಶ್ ಅವರಲ್ಲೊಬ್ಬರು. ಭರತಪುರದ ಕೇವಲಾದೇವ್ ಉದ್ಯಾನದಲ್ಲಿ 1987–88ರಲ್ಲಿ ಅವರು ಸುಮಾರು 350 ಜೋಡಿ ಬಿಳಿ ಬೆನ್ನಿನ ರಣಹದ್ದುಗಳ ಗೂಡುಗಳನ್ನು ಎಣಿಸಿದ್ದರು. 1996ರಲ್ಲಿ ಮತ್ತೆ ಎಣಿಸಿದಾಗ ಅವು ಅರ್ಧಕ್ಕೂ ಕಡಿಮೆಯಾಗಿದ್ದವು. ಮರಗಳ ಮೇಲೆ ತಲೆ ಜೋಲುಬಿಟ್ಟು ಕುಳಿತ ಹಕ್ಕಿಗಳು, ಕೆಳಗೆ ಸತ್ತು ಬಿದ್ದವು. ಹಳೆಯ ಲೆಕ್ಕ ಕೈಯಲ್ಲಿ ಇದ್ದುದರಿಂದಲೇ ಹೊಸ ಲೆಕ್ಕಕ್ಕೆ ಅರ್ಥ ಬಂತು.

ಕಾರಣ ತಿಳಿದದ್ದು 2004ರಲ್ಲಿ. ನೋವು ಮತ್ತು ಬಾವಿಗೆಂದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಅಗ್ಗದ ಔಷಧಿ ಸತ್ತ ದನದ ಮಾಂಸದ ಮೂಲಕ ರಣಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ಭಾರತ ಸರಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ರಣಹದ್ದಿಗೆ ಅಪಾಯಕಾರಿಯಾದ ಇನ್ನೆರಡು ಔಷಧಿಗಳಾದ ಕೀಟೋಪ್ರೊಫೇನ್ ಮತ್ತು ಅಸಿಕ್ಲೋಫಿನ್ಯಾಕ್ 2023ರಲ್ಲಿ ನಿಷೇಧಕ್ಕೆ ಒಳಗಾದವು. ಆದರೆ 1992ರಿಂದ 2007ರೊಳಗೆ ಬಿಳಿ ಬೆನ್ನಿನ ರಣಹದ್ದುಗಳು ನೂರಕ್ಕೆ 99.9ರಷ್ಟು ಕಡಿಮೆಯಾಗಿದ್ದವು. ಸಾವಿರ ಇದ್ದಲ್ಲಿ ಒಂದು ಉಳಿಯಿತು ಎಂದು ಅರ್ಥ. ಅತ್ತ ಸತ್ತ ದನಗಳು ಕೊಳೆಯತೊಡಗಿದವು, ಬೀದಿನಾಯಿಗಳು ಹೆಚ್ಚಿದವು. 2024ರಲ್ಲಿ ಪ್ರಕಟವಾದ ಒಂದು ಅರ್ಥಶಾಸ್ತ್ರೀಯ ಅಧ್ಯಯನ ರಣಹದ್ದುಗಳ ಈ ಅಳಿವಿನಿಂದ 2000–2005ರ ನಡುವೆ ನಮ್ಮ ದೇಶದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತರೆಂದು ಅಂದಾಜು ಮಾಡಿದೆ.

ಈಗ ಹೇಳಿ, ಸಾಮಾನ್ಯ ಹಕ್ಕಿಯನ್ನು ಬರೆದಿಡುವುದು ಕೆಲಸಕ್ಕೆ ಬಾರದ ಹವ್ಯಾಸವೆ? ಇಂದು ತಲೆಯ ಮೇಲೆ ಹಾರುತ್ತಿರುವುದು ನಾಳೆಯೂ ಹಾರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಯಾರು ಯಾರು, ಗುರುತು ಹೇಗೆ?

ಮೊದಲು ಪರಿಚಯ ಮಾಡಿಕೊಳ್ಳೋಣ. ಮನೆಯ ಸುತ್ತಮುತ್ತ ಸಿಗುವ ನಾಲ್ಕಾರು ಹಕ್ಕಿಗಳು ಗೊತ್ತಾದರೆ ಸಾಕು.

ಹದ್ದು ಮೈಯೆಲ್ಲ ಕಂದು. ಹಾರುವಾಗ ಬಾಲವನ್ನು ನೋಡಿ. ತುದಿಯಲ್ಲಿ ಮೀನಿನ ಬಾಲದಂತೆ ಸೀಳು ಇರುತ್ತದೆ. ಗಾಳಿಯಲ್ಲಿ ತಿರುಗುವಾಗ ದೋಣಿಯ ಚುಕ್ಕಾಣಿಯಂತೆ ಆ ಬಾಲವನ್ನು ಅತ್ತಿತ್ತ ಹೊರಳಿಸುತ್ತಲೇ ಇರುತ್ತದೆ. ಕೂಗು ಸಿಳ್ಳೆಯಂತೆ, ನಡುಗುವ ದನಿ. ಮೀನು ಮಾರುಕಟ್ಟೆ, ಕಸಾಯಿಖಾನೆ, ದೇವನಾರದಂಥ ಕಸದ ಗುಡ್ಡ ಇರುವಲ್ಲೆಲ್ಲ ಗುಂಪಾಗಿ ಸೇರುತ್ತದೆ. ಇಲಿ, ಹೆಗ್ಗಣ, ಸತ್ತದ್ದು, ಕೊಳೆತದ್ದು ಯಾವುದನ್ನೂ ಬಿಡುವುದಿಲ್ಲ. ನಗರಪಾಲಿಕೆಯಿಂದ ಸಂಬಳ ಪಡೆಯದ ಪೌರಕಾರ್ಮಿಕ ಎಂದರೆ ತಪ್ಪಲ್ಲ.

ಗರುಡ ಹದ್ದಿನ ತಮ್ಮನಂತೆ, ಗಾತ್ರದಲ್ಲಿ ತುಸು ಚಿಕ್ಕದು. ತಲೆ ಮತ್ತು ಎದೆ ಅಚ್ಚ ಬಿಳಿ, ಉಳಿದ ಮೈ ಇಟ್ಟಿಗೆಯ ಕೆಂಪು. ಬಾಲದ ತುದಿ ದುಂಡು, ಸೀಳಿಲ್ಲ. ಮರಿಗರುಡ ಮಾತ್ರ ಕಂದಾಗಿರುವುದರಿಂದ ಹದ್ದೆಂದು ಮೋಸಹೋಗುವುದುಂಟು. ಆಗ ದುಂಡು ಬಾಲವೇ ಗುರುತು. ನೀರಿನ ಆಸರೆ ಇದಕ್ಕೆ ಬೇಕು. ವರ್ಸೋವಾದ ಕಡಲತೀರ, ಠಾಣೆ ಖಾಡಿಯ ಮ್ಯಾಂಗ್ರೋವ್ ಅಂಚು ಇವೆಲ್ಲ ಅದರ ಸೀಮೆ. ನಿಮ್ಮ ಅಜ್ಜಿಯರನ್ನು ಕೇಳಿ ನೋಡಿ. ನಮ್ಮ ಕಡೆಯ ಹಲವು ರಥೋತ್ಸವಗಳಲ್ಲಿ ಆಕಾಶದಲ್ಲಿ ಗರುಡ ಸುತ್ತು ಹಾಕಿದ ಮೇಲೆಯೇ ತೇರಿನ ಹಗ್ಗಕ್ಕೆ ಕೈ ಹಾಕುತ್ತಾರೆ. ಸಾವಿರಾರು ಜನ ಒಟ್ಟಾಗಿ ಕತ್ತೆತ್ತಿ ಹಕ್ಕಿ ನೋಡುವ ಹಬ್ಬ ಇದಕ್ಕಿಂತ ಬೇರೆ ಉಂಟೆ?

ಶಿಕ್ರಾ ಪಾರಿವಾಳದಷ್ಟು ದೊಡ್ಡ ಗಿಡುಗ. "ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟಂತೆ" ಎಂದು ಮನೆಯಲ್ಲಿ ಹಿರಿಯರು ಹೇಳುವುದನ್ನು ಕೇಳಿದ್ದೀರಲ್ಲ, ಆ ಗಿಡುಗನ ಕುಲದ್ದೇ. ಮೇಲೆ ಬೂದು, ಎದೆಯ ಮೇಲೆ ನವಿರಾದ ಅಡ್ಡಗೆರೆ. ಗಂಡಿನ ಕಣ್ಣು ಕೆಂಡದ ಬಣ್ಣ. ಹದ್ದಿನಂತೆ ಬಯಲಲ್ಲಿ ಸುತ್ತುವುದಿಲ್ಲ. ಮಳೆಮರ, ಗುಲ್‌ಮೊಹರ್‌ಗಳ ಕೊಂಬೆಯಲ್ಲಿ ಅಡಗಿ ಕುಳಿತು ಓತಿಕ್ಯಾತ, ಗುಬ್ಬಿ, ಅಳಿಲುಗಳ ಮೇಲೆ ಥಟ್ಟನೆ ಎರಗುತ್ತದೆ. ಹಾರುವುದು ನಾಲ್ಕು ಬಾರಿ ರೆಕ್ಕೆ ಬಡಿದು ಒಮ್ಮೆ ತೇಲುವ ಕ್ರಮದಲ್ಲಿ. ಇದನ್ನು ಹುಡುಕುವ ಉಪಾಯ ಹೇಳಲೆ? ಕಾಗೆ, ಮೈನಾಗಳು ಒಂದೇ ಸಮನೆ ಕಿರುಚಾಡುತ್ತಾ ಒಂದು ಮರವನ್ನು ಮುತ್ತಿದರೆ, ಅಳಿಲು ಬಾಲ ಕುಣಿಸುತ್ತಾ ಚಿಕ್ ಚಿಕ್ ಎಂದು ನಿಲ್ಲಿಸದೆ ಕೂಗಿದರೆ, ಆ ಮರದಲ್ಲಿ ಹುಡುಕಿ. ದೂರು ಕೊಡುವವರು ಇರುವಲ್ಲಿ ಕಳ್ಳನೂ ಇರುತ್ತಾನೆ!

ನವಿ ಮುಂಬಯಿ, ಪನವೇಲ್, ಉರಣ ಕಡೆಯ ಓದುಗರಿಗೆ ಇನ್ನೆರಡು ಅದೃಷ್ಟಗಳಿವೆ. ಹುಲ್ಲುಬಯಲಿನ ಮೇಲೆ ಬಿಳಿಯ ಚಿಕ್ಕ ಹಕ್ಕಿಯೊಂದು ರೆಕ್ಕೆ ಬಡಿಯುತ್ತಾ ಒಂದೇ ಕಡೆ ಗಾಳಿಯಲ್ಲಿ ನಿಂತಿದ್ದರೆ ಅದು ಕಪ್ಪು ರೆಕ್ಕೆಯ ಹದ್ದು. ಕೆಳಗಿನ ಇಲಿಯ ಮೇಲೆ ಅದರ ಕಣ್ಣು. ಚಳಿಗಾಲದಲ್ಲಿ ಜೌಗುನೆಲದ ಜೊಂಡಿನ ಮೇಲೆ ತೀರ ತಗ್ಗಿನಲ್ಲಿ, ರೆಕ್ಕೆಯನ್ನು ಮೇಲೆತ್ತಿ ಹಿಡಿದು ತೂಗಾಡುತ್ತಾ ಸಾಗುವುದು ಸೆಳೆವ. ದೂರದ ಉತ್ತರದಿಂದ ಬಂದು ಬೇಸಿಗೆಗೆ ಮುನ್ನ ಹಿಂತಿರುಗುವ ಅತಿಥಿ.

ರಾತ್ರಿಯ ಪಾಳಿಯವರನ್ನು ಮರೆಯಬಾರದು. ಹಳೆಯ ಕಟ್ಟಡಗಳ ಸಂದಿಗಳಲ್ಲಿ ಹೃದಯದ ಆಕಾರದ ಬಿಳಿ ಮುಖದ ಕಣಜ ಗೂಬೆ ಇರುತ್ತದೆ. ಮರದ ಪೊಟರೆಯಲ್ಲಿ ಹಾಲಕ್ಕಿಯ ಸಂಸಾರ ಇರುತ್ತದೆ. ನಮ್ಮ ಜನ ತಪ್ಪು ಹೊರಿಸುವುದಕ್ಕೆ "ಗೂಬೆ ಕೂರಿಸುವುದು" ಎಂದು ಹೆಸರಿಟ್ಟರು. ಗೂಬೆ ನೋಡಿದರೆ ಕೇಡು ಎಂದರು. ಒಂದು ಜೋಡಿ ಗೂಬೆ ಮರಿಗಳನ್ನು ಸಾಕುವಾಗ ರಾತ್ರಿಯಿಡೀ ಇಲಿ ಹೊತ್ತು ತರುವುದನ್ನು ನೋಡಿದವರು ಹಾಗೆ ಹೇಳುವುದಿಲ್ಲ.

ಯಾವ ಹೊತ್ತು, ಯಾವ ಕಾಲ?

ಬೆಳಗ್ಗೆ ಏಳಕ್ಕೆ ಹೋದರೆ ಹದ್ದುಗಳು ಹೆಚ್ಚಾಗಿ ಕುಳಿತೇ ಇರುತ್ತವೆ. ಬಿಸಿಲೇರಿ ರಸ್ತೆ, ತಾರಸಿಗಳು ಕಾದ ಮೇಲೆ ಅಲ್ಲಿನ ಗಾಳಿ ಬಿಸಿಯಾಗಿ ಕಂಬದಂತೆ ಮೇಲೇಳುತ್ತದೆ. ಹದ್ದು ಆ ಗಾಳಿಯ ಕಂಬವನ್ನು ಹತ್ತುತ್ತದೆ. ರೆಕ್ಕೆ ಬಡಿಯದೆ, ಸುತ್ತು ಸುತ್ತಾಗಿ, ಲಿಫ್ಟ್‌ನಲ್ಲಿ ಹೋದಂತೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಇದನ್ನು ನೋಡಲು ಒಳ್ಳೆಯ ಹೊತ್ತು. ಸಂಜೆ ಅವು ರಾತ್ರಿ ತಂಗುವ ಮರಗಳತ್ತ ಒಂದೊಂದಾಗಿ ಬಂದು ಸೇರುವುದು ಇನ್ನೊಂದು ನೋಟ. "ಹದ್ದಿನ ಕಣ್ಣು" ಎಂಬ ಮಾತು ಬರಿಯ ಅಲಂಕಾರವಲ್ಲ. ನಮ್ಮ ಕಣ್ಣಿನಲ್ಲಿ ಅತಿ ಸ್ಪಷ್ಟವಾಗಿ ಕಾಣುವ ಬಿಂದು ಒಂದೇ, ಈ ಜಾತಿಯ ಹಕ್ಕಿಗಳ ಒಂದೊಂದು ಕಣ್ಣಿನಲ್ಲೂ ಅಂಥವು ಎರಡೆರಡು.

ವರ್ಷದ ಲೆಕ್ಕವೂ ಇದೆ. ಚಳಿಗಾಲ ಬಂದಂತೆ ಹದ್ದುಗಳು ಜೋಡಿಯಾಗಿ ಎತ್ತರದ ಮರಗಳಲ್ಲಿ, ಮೊಬೈಲ್ ಟವರು, ದೀಪದ ಕಂಬಗಳಲ್ಲಿ ಕಡ್ಡಿ, ತಂತಿ, ಚಿಂದಿಬಟ್ಟೆ ಸೇರಿಸಿ ಗೂಡು ಕಟ್ಟುತ್ತವೆ. ಸಾಮಾನ್ಯವಾಗಿ ಎರಡು ಅಥವಾ ಮೂರು ಮೊಟ್ಟೆ, ಸುಮಾರು ಒಂದು ತಿಂಗಳ ಕಾವು. ಜೋರು ಮಳೆ ಬೀಳುವ ಕರಾವಳಿಯಿಂದ ಮಳೆಗಾಲದಲ್ಲಿ ಹದ್ದುಗಳು ಬೇರೆಡೆಗೆ ಸರಿಯುತ್ತವೆಂದು ಹಳೆಯ ಪಕ್ಷಿಗ್ರಂಥಗಳು ಹೇಳುತ್ತವೆ. ನಿಮ್ಮ ಓಣಿಯಲ್ಲಿ ಅವು ಯಾವ ವಾರ ಕಡಿಮೆಯಾದವು, ಯಾವ ವಾರ ಮರಳಿದವು? ಇದನ್ನು ಹೇಳಲು ದೊಡ್ಡ ವಿಜ್ಞಾನಿ ಬೇಕಾಗಿಲ್ಲ, ಕಿಟಕಿ ಮತ್ತು ಒಂದು ನೋಟ್‌ಬುಕ್ ಸಾಕು.

ಈ "ಸಾಮಾನ್ಯ" ಹಕ್ಕಿಯ ಗುಟ್ಟು ಎಷ್ಟೆಂದು ದೆಹಲಿಯ ಒಂದು ಅಧ್ಯಯನ ತೋರಿಸಿತು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಹದ್ದುಗಳ ಬೆನ್ನಿಗೆ ಉಪಗ್ರಹ ಸಂಕೇತದ ಪುಟ್ಟ ಉಪಕರಣ ಕಟ್ಟಿ ನೋಡಿದರೆ, ಬೇಸಿಗೆಯ ಹೊತ್ತಿಗೆ ಅವು ಹಿಮಾಲಯವನ್ನೇ ದಾಟಿ ಕಜಕಸ್ತಾನ, ರಷ್ಯಾ, ಮಂಗೋಲಿಯಾಗಳ ಕಡೆಗೆ ಹೋದವು. ಗಾಜಿಪುರದ ಕಸದ ಗುಡ್ಡದ ಮೇಲೆ ಹಾರುವ ಹಕ್ಕಿಗೆ ಪಾಸ್‌ಪೋರ್ಟ್ ಇಲ್ಲದ ಇಂಥ ಪ್ರಯಾಣ!

ಕ್ಯಾಮೆರಾ ಹಿಡಿಯುವ ಮುನ್ನ

ಚಿತ್ರ ತೆಗೆಯುವ ಆಸೆ ನಿಮಗಿದೆ, ನನಗೆ ಗೊತ್ತು. ಆದರೆ ಮೊದಲ ಖರ್ಚು ಕ್ಯಾಮೆರಾಗಲ್ಲ, ಬೈನಾಕ್ಯುಲರಿಗೆ ಮಾಡಿ. ಎಂಟು ಪಟ್ಟು ಹಿಗ್ಗಿಸುವಂಥದು ಸಾಕು. ಹತ್ತಕ್ಕಿಂತ ಹೆಚ್ಚಾದರೆ ಕೈ ನಡುಗುವುದೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಹಕ್ಕಿಯ ಅಭ್ಯಾಸ ತಿಳಿಯದವನ ಕೈಯಲ್ಲಿ ಲಕ್ಷ ರೂಪಾಯಿಯ ಲೆನ್ಸ್ ಇದ್ದರೂ ಸಿಗುವುದು ಹಾರಿಹೋದ ಹಕ್ಕಿಯ ಬೆನ್ನು ಮಾತ್ರ.

ಮೊಬೈಲ್ ಇದ್ದವರು ಅದರ ಕ್ಯಾಮೆರಾವನ್ನು ಬೈನಾಕ್ಯುಲರಿನ ಕಣ್ಣಿಗೆ ಹಿಡಿದು ಕುಳಿತ ಹಕ್ಕಿಯ ಗುರುತಿನ ಚಿತ್ರ ತೆಗೆಯಬಹುದು. ಸಂಜೆಯ ಕೆಂಪು ಆಕಾಶದೆದುರು ಹದ್ದಿನ ಕಪ್ಪು ಆಕೃತಿಗೆ ಮೊಬೈಲೇ ಸಾಕು. ಕ್ಯಾಮೆರಾ ಇದ್ದವರಿಗೆ 300 ಮಿಲಿಮೀಟರಿನ ಲೆನ್ಸಿನಿಂದ ಒಳ್ಳೆಯ ಆರಂಭವಾಗುತ್ತದೆ. ಹಾರುವ ಹಕ್ಕಿಗೆ ಷಟರ್ ವೇಗ ಸೆಕೆಂಡಿನ 1,600ನೇ ಒಂದು ಭಾಗ ಅಥವಾ ಅದಕ್ಕಿಂತ ಚುರುಕಾಗಿರಲಿ. ಹೊಳೆಯುವ ಆಕಾಶವನ್ನು ನೋಡಿ ಕ್ಯಾಮೆರಾ ಮೋಸಹೋಗಿ ಹಕ್ಕಿಯನ್ನು ಇದ್ದಿಲಿನಂತೆ ಕಪ್ಪಾಗಿಸುತ್ತದೆ. ಆದುದರಿಂದ ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಹೆಚ್ಚಿಸಿಕೊಳ್ಳಿ. ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಗಿನ ಮತ್ತು ಇಳಿಹೊತ್ತಿನ ಓರೆ ಬಿಸಿಲು ರೆಕ್ಕೆಯ ಅಡಿಗೂ ಬೀಳುವುದರಿಂದ ಗರಿ ಗರಿಯೂ ಕಾಣುತ್ತದೆ. ನಡುಮಧ್ಯಾಹ್ನ ಬರಿಯ ನೆರಳು ಸಿಗುತ್ತದೆ. ಹಕ್ಕಿಯ ಹಿಂದೆ ಓಡಬೇಡಿ. ಅದು ದಿನವೂ ಬಂದು ಕೂರುವ ಟ್ಯಾಂಕು, ಕಂಬ, ಒಣಕೊಂಬೆ ಯಾವುದೆಂದು ವಾರ ಹದಿನೈದು ದಿನ ನೋಡಿ, ಅಲ್ಲಿ ಕಾದು ಕುಳಿತುಕೊಳ್ಳಿ.

ಮುಂಬಯಿಯಂಥ ಊರಿನಲ್ಲಿ ಇನ್ನೊಂದು ಎಚ್ಚರ ಬೇಕು. ಬಾಲ್ಕನಿಯಿಂದ ಉದ್ದನೆಯ ಲೆನ್ಸ್ ಹೊರಚಾಚಿದರೆ ಎದುರಿನ ಕಟ್ಟಡದವರು ಹಕ್ಕಿಯ ಫೋಟೋ ಎಂದು ನಂಬಲಾರರು. ಸೊಸೈಟಿಯ ಸೆಕ್ರೆಟರಿಗೂ ವಾಚ್‌ಮನ್‌ಗೂ ಮೊದಲೇ ಹೇಳಿಡಿ, ತೆಗೆದ ಚಿತ್ರವನ್ನು ತೋರಿಸಿ. ಮರುದಿನ ಅವರೇ "ನಿಮ್ಮ ಘಾರ್ ಬಂದಿದೆ" ಎಂದು ಕರೆಯುತ್ತಾರೆ. ಬಂದರು, ನೌಕಾನೆಲೆ, ವಿಮಾನನಿಲ್ದಾಣಗಳ ಬಳಿ ಅನುಮತಿ ಇಲ್ಲದೆ ಕ್ಯಾಮೆರಾ ಎತ್ತುವುದು ಬೇಡವೇ ಬೇಡ.

ಗೂಡಿನ ಹತ್ತಿರ ಬೇಡ

ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಗೂಡಿನ ಚಿತ್ರಕ್ಕೆ ಎಲ್ಲರೂ ಮರುಳಾಗುತ್ತಾರೆ, ಮೆಚ್ಚುಗೆಯೂ ಬೇಗ ಸಿಗುತ್ತದೆ. ಆದರೆ ನೀವು ಹತ್ತಿರ ಹೋದಾಗ ತಾಯಿ ಎದ್ದು ಹಾರಿದರೆ, ಆ ಹತ್ತು ಹದಿನೈದು ನಿಮಿಷದಲ್ಲಿ ಎಳೆಮರಿಗಳು ಬಿಸಿಲಿಗೆ ಬಸವಳಿಯುತ್ತವೆ, ಹೊಂಚುಹಾಕಿದ ಕಾಗೆ ಮೊಟ್ಟೆಯನ್ನು ಕುಕ್ಕುತ್ತದೆ. ಅಡ್ಡ ಬಂದ ಎಲೆ ಕೊಂಬೆಗಳನ್ನು ಚಿತ್ರಕ್ಕಾಗಿ ಕತ್ತರಿಸುವವರೂ ಇದ್ದಾರೆ. ಅದು ಆ ಮನೆಯ ಬಾಗಿಲು ಕಿತ್ತಂತೆ. ನಿಮ್ಮನ್ನು ನೋಡಿ ಹಕ್ಕಿ ಕತ್ತು ನೀಳಮಾಡಿದರೆ, ಕೂಗಿದರೆ, ಎದ್ದುನಿಂತರೆ ನೀವು ಹೆಚ್ಚು ಹತ್ತಿರ ಬಂದಿದ್ದೀರಿ ಎಂದು ಅರ್ಥ, ಹಿಂದೆ ಸರಿಯಿರಿ. ಗೂಡಿರುವ ಜಾಗವನ್ನು ಯಾರಿಗೂ ಸಾರಬೇಡಿ. ಮಾಂಸದ ಆಸೆ ತೋರಿಸಿ ಹಕ್ಕಿಯನ್ನು ಕರೆಯಬೇಡಿ. ಗೂಬೆಯ ಕಣ್ಣಿಗೆ ಫ್ಲಾಶ್ ಹೊಡೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಈ ಹಕ್ಕಿಗಳಿಗೂ ಅವುಗಳ ಮೊಟ್ಟೆ ಗೂಡುಗಳಿಗೂ ರಕ್ಷಣೆ ಕೊಟ್ಟಿದೆ. ಕಾನೂನಿಗಿಂತ ಮೊದಲು ನಮ್ಮ ಮನಸ್ಸು ಕೊಡಬೇಕು.

ಹದ್ದು ಗೂಡು ಕಟ್ಟುವ ಕಾಲಕ್ಕೇ ನಮ್ಮ ಮಕರ ಸಂಕ್ರಾಂತಿಯೂ ಬರುತ್ತದೆ. ಒಂದು ಕೈಯಲ್ಲಿ ಎಳ್ಳುಬೆಲ್ಲ, ಇನ್ನೊಂದು ಕೈಯಲ್ಲಿ ಗಾಳಿಪಟದ ದಾರ. ಗಾಜಿನಪುಡಿ ಸವರಿದ ಮಾಂಜಾ ಹಕ್ಕಿಯ ರೆಕ್ಕೆಯನ್ನು ಮೂಳೆಯವರೆಗೂ ಕೊಯ್ಯುತ್ತದೆ. ನೈಲಾನಿನ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದ್ದರೂ ಮಾರಾಟ ನಿಂತಿಲ್ಲ. ಕೊಳ್ಳುವವರು ನಿಂತರೆ ಮಾರುವವರೂ ನಿಲ್ಲುತ್ತಾರೆ. ದೆಹಲಿಯಲ್ಲಿ ಇಂಥ ಗಾಯಗೊಂಡ ಹದ್ದುಗಳನ್ನು ಮನೆಯ ನೆಲಮಾಳಿಗೆಯಲ್ಲೇ ಆರೈಕೆ ಮಾಡಿದ ಮೊಹಮ್ಮದ್ ಸೌದ್ ಮತ್ತು ನದೀಮ್ ಶಹಜಾದ್ ಎಂಬ ಸೋದರರನ್ನು ಕುರಿತು ಶೌನಕ್ ಸೇನ್ ತೆಗೆದ "ಆಲ್ ದ್ಯಾಟ್ ಬ್ರೀದ್ಸ್" ಸಾಕ್ಷ್ಯಚಿತ್ರ 2022ರಲ್ಲಿ ಕ್ಯಾನ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರಗಳ ಬಹುಮಾನ ಪಡೆಯಿತು. ಸಾಧ್ಯವಾದರೆ ನೋಡಿ.

ಗಾಯಗೊಂಡ ಹದ್ದು ನಿಮಗೆ ಸಿಕ್ಕರೆ? ದಪ್ಪ ಟವೆಲನ್ನು ಮೇಲೆ ಹೊದಿಸಿ ಹಿಡಿಯಿರಿ, ಉಗುರಿನ ಬಗ್ಗೆ ಎಚ್ಚರ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡಿ. ಬಾಯಿಗೆ ನೀರು ಹಾಕಬೇಡಿ, ತಿನ್ನಿಸಲು ಹೋಗಬೇಡಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ, ಇಲ್ಲವೆ ಪರೇಲ್‌ನ ಪ್ರಾಣಿಗಳ ಆಸ್ಪತ್ರೆಗೆ ಮುಟ್ಟಿಸಿ.

ಎರಡು ಕಾಲಂ, ಎರಡು ಭಾಷೆ

ಇನ್ನು ನೋಟ್‌ಬುಕ್ಕಿನ ಮಾತು. ದಿನಾಂಕ, ಹೊತ್ತು, ಜಾಗ, ಯಾವ ಹಕ್ಕಿ, ಎಷ್ಟು, ಏನು ಮಾಡುತ್ತಿತ್ತು. ಇಷ್ಟನ್ನೇ ಬರೆಯಿರಿ. ದಿನಕ್ಕೆ ಹದಿನೈದು ನಿಮಿಷ ಸಾಕು. "ಇಂದು ಒಂದೂ ಇಲ್ಲ" ಎಂಬುದನ್ನೂ ಬರೆಯಿರಿ, ಅದೂ ಲೆಕ್ಕವೇ. ಬರೆದದ್ದನ್ನು ಇ-ಬರ್ಡ್ ತಾಣಕ್ಕೂ ಸೇರಿಸಬಹುದು. ಹವ್ಯಾಸಿಗಳ ಇಂಥ ಟಿಪ್ಪಣಿಯಿಂದ ಏನಾಗುತ್ತದೆ ಎನ್ನುವಿರಾ? 2023ರಲ್ಲಿ ಹೊರಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ 942 ಜಾತಿಯ ಹಕ್ಕಿಗಳ ಏರಿಳಿತವನ್ನು ಲೆಕ್ಕ ಹಾಕಿದೆ. ಅದರ ಹಿಂದಿರುವುದು ಸುಮಾರು 30,000 ಪಕ್ಷಿವೀಕ್ಷಕರು ಬರೆದ 3 ಕೋಟಿ ದಾಖಲೆಗಳು. ಅವರಲ್ಲಿ ಬಹುಪಾಲು ನಿಮ್ಮಂಥವರು, ಶಾಲೆ ಕಾಲೇಜು ಆಫೀಸುಗಳ ನಡುವೆ ಹದಿನೈದು ನಿಮಿಷ ಹೊಂದಿಸಿಕೊಂಡವರು. 1980ರ ದಶಕದಲ್ಲಿ ಊರೂರಿನಲ್ಲಿ ಇಂಥ ಲೆಕ್ಕ ಇದ್ದಿದ್ದರೆ ರಣಹದ್ದಿನ ಕುಸಿತ ಕೆಲವು ವರ್ಷ ಮೊದಲೇ ಕಣ್ಣಿಗೆ ಬೀಳುತ್ತಿತ್ತು.

ಹಕ್ಕಿಯ ಹೆಸರಿಗೆ ಎರಡು ಕಾಲಂ ಮಾಡಿ. ಒಂದರಲ್ಲಿ ಇಂಗ್ಲಿಷ್ ಇರಲಿ, ಅದು ಜಗತ್ತಿಗೆ. ಇನ್ನೊಂದರಲ್ಲಿ ಕನ್ನಡ ಇರಲಿ, ಅದು ಮನೆಗೆ. ಹದ್ದು, ಗರುಡ, ಗಿಡುಗ, ಸೆಳೆವ, ಹಾಲಕ್ಕಿ, ರಣಹದ್ದು ಇವು ನಿಘಂಟಿನಲ್ಲಿ ಹುಟ್ಟಿದ ಪದಗಳಲ್ಲ, ಕತ್ತೆತ್ತಿ ನೋಡಿದವರ ಬಾಯಲ್ಲಿ ಹುಟ್ಟಿದವು. ಹಕ್ಕಿಯ ಹಾಗೆ ಹೆಸರೂ ಬಳಸುವವರಿಲ್ಲದೆ ಸದ್ದಿಲ್ಲದೆ ಅಳಿಯುತ್ತದೆ. ಶಿವರಾಮ ಕಾರಂತರು ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳನ್ನು ನೋಡಿದರು, ಚಿತ್ರ ತೆಗೆದರು, "ಹಕ್ಕಿ ಪುಕ್ಕ" ಬರೆದರು. ಕನ್ನಡ ಓದು ನಿಮಗೆ ಕಷ್ಟವಾದರೆ ಇಂಥ ಪುಸ್ತಕದಿಂದ ಆರಂಭಿಸಿ. ಚಿತ್ರ ನೋಡುತ್ತಾ ಹೆಸರು ಓದಿ, ಹೆಸರು ಓದುತ್ತಾ ಅಕ್ಷರ ಗಟ್ಟಿಯಾಗುತ್ತದೆ. ತಿಳಿಯದಿದ್ದರೆ ಅಜ್ಜಿ, ಅತ್ತೆ, ದೊಡ್ಡಪ್ಪನನ್ನು ಕೇಳಿ. "ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?" ಎಂದು ಮೊಮ್ಮಗ ಕೇಳಿದರೆ ಖುಷಿಪಡದ ಹಿರಿಯರನ್ನು ನಾನು ಕಂಡಿಲ್ಲ. ತುಳುವಿನ ಹೆಸರು, ಕೊಂಕಣಿಯ ಹೆಸರು ಬಂದರೂ ಬರೆದುಕೊಳ್ಳಿ.

ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಒಂದು ಬೆಳಗ್ಗೆ ಮೈಸೂರು ದಾರಿಯ ರಾಮನಗರದಲ್ಲಿ ಇಳಿದುಕೊಳ್ಳಿ. 1975ರ "ಶೋಲೆ"ಯ ಬಂಡೆಗಳನ್ನು ನೀವೆಲ್ಲ ನೋಡಿದ್ದೀರಿ, ಗಬ್ಬರ್ ಸಿಂಗನ ಅಡ್ಡೆ. ಆ ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಯ ಚಾಚುಗಳ ಮೇಲೆ ಗೂಡು ಕಟ್ಟುತ್ತವೆ. 2012ರಲ್ಲಿ ಸುಮಾರು 346 ಹೆಕ್ಟೇರನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ಉಳಿದಿರುವುದು ಬೆರಳೆಣಿಕೆಯಷ್ಟು. ಬೆಟ್ಟದ ಕೆಳಗಿನಿಂದಲೇ, ಬೈನಾಕ್ಯುಲರಿನಲ್ಲಿ ನೋಡಿ. ಕಾಣದೆ ಹೋದರೆ ಅದನ್ನೂ ದಿನಾಂಕ ಹಾಕಿ ಬರೆಯಿರಿ.

ಕೊನೆಯದಾಗಿ ಒಂದು ಸಲಹೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆಯಂಗಳದ ಹಕ್ಕಿಗಳ ಎಣಿಕೆ ನಡೆಯುತ್ತದೆ. ಆ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನಿಮ್ಮ ನಿಮ್ಮ ಕಟ್ಟಡದ ತಾರಸಿ ಹತ್ತಿ. ಕೊಲಾಬಾದಿಂದ ಡೊಂಬಿವಲಿಯವರೆಗೆ ನಮ್ಮ ಸದಸ್ಯರ ಮನೆಗಳಿವೆ. ಎಲ್ಲರೂ ಹದಿನೈದು ನಿಮಿಷ ಹದ್ದು ಗರುಡಗಳನ್ನು ಎಣಿಸಿ, ಲೆಕ್ಕವನ್ನು ಒಳ್ಳೆಯದೊಂದು ಚಿತ್ರದೊಡನೆ ಸಂಪಾದಕರಿಗೆ ಕಳಿಸಿ. ಕನ್ನಡ ಅಕ್ಷರ ವಕ್ರವಾಗಿದ್ದರೂ ಚಿಂತೆಯಿಲ್ಲ, ಅಂಕಿ ಸರಿಯಾಗಿರಲಿ. ಮುಂದಿನ ವರ್ಷ ಮತ್ತೆ ಎಣಿಸೋಣ. ಆಗ ನಮ್ಮ ಬಳಿ ಹೋಲಿಸಿ ನೋಡಲು ಒಂದು ಹಳೆಯ ಲೆಕ್ಕ ಇರುತ್ತದೆ.